ಇಮ್ಮಡಿಯ ದಾಳ

ಪಗಡೆಯ ಹಾಸನ್ನು ಕಂಡರೆ ನಮ್ಮ ಅಜ್ಜಿಗೆ ಧರ್ಮರಾಯನ ನೆನಪಾಗುತ್ತಿತ್ತು. “ಸೋಲುತ್ತಿರುವವನು ಎದ್ದು ಹೋಗಬೇಕು, ಪಣ ಏರಿಸಬಾರದು” ಎಂದು ಆಕೆ ನಮಗೆಲ್ಲ ಬುದ್ಧಿ ಹೇಳುತ್ತಿದ್ದಳು. ಆ ಮಾತು ಅರ್ಧ ಮಾತ್ರ ಸರಿ ಎಂದು ನನಗೆ ತಿಳಿದುದು ಎಪ್ಪತ್ತು ದಾಟಿದ ಮೇಲೆ, ಮಾಟುಂಗಾದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ಬ್ಯಾಕ್‌ಗ್ಯಾಮನ್ ಹಲಗೆಯ ಮುಂದೆ.

ಆ ಮಹಡಿಯಲ್ಲಿರುವವರು ಹಡಗಿನ ಕೆಲಸದಿಂದ ನಿವೃತ್ತರಾದ ಮಂಗಳೂರಿನವರು. ನಾವೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುವುದು. ಭಾನುವಾರ ಮಧ್ಯಾಹ್ನ ಕಾಫಿಯಾದ ಮೇಲೆ ನಮ್ಮ ಆಟ. ಬ್ಯಾಕ್‌ಗ್ಯಾಮನ್ ಪಶ್ಚಿಮ ಏಷ್ಯದ ಹಳೆಯ ಆಟಗಳ ವಂಶಕ್ಕೆ ಸೇರಿದುದು. ಇರಾನಿನವರು ಅದನ್ನು ನರ್ದ್ ಎನ್ನುತ್ತಾರೆ. ಇಪ್ಪತ್ತನಾಲ್ಕು ಮನೆ, ಇಬ್ಬರಿಗೂ ಹದಿನೈದು ಹದಿನೈದು ಕಾಯಿ, ಎರಡು ದಾಳ. ತನ್ನ ಕಾಯಿಗಳನ್ನೆಲ್ಲ ಮೊದಲು ಹೊರಗೆ ತೆಗೆದವನು ಗೆದ್ದ. ಪಗಡೆ ಬಲ್ಲವರಿಗೆ ಇಷ್ಟು ಕಷ್ಟವಲ್ಲ.

ಕಷ್ಟವಿರುವುದು ಮೂರನೆಯ ದಾಳದಲ್ಲಿ. ಅದನ್ನು ಎಸೆಯುವುದಿಲ್ಲ, ಪಕ್ಕದಲ್ಲಿ ಇಡುತ್ತಾರೆ. ಅದರ ಮುಖಗಳ ಮೇಲೆ 2, 4, 8, 16, 32, 64 ಎಂದು ಬರೆದಿರುತ್ತದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಇದು ಬಳಕೆಗೆ ಬಂದಿತು. ಕಂಡುಹಿಡಿದ ಪುಣ್ಯಾತ್ಮನ ಹೆಸರು ಮಾತ್ರ ಉಳಿದಿಲ್ಲ. ನನ್ನ ಸರದಿಯಲ್ಲಿ, ದಾಳ ಎಸೆಯುವ ಮೊದಲು, “ಪಣ ಇಮ್ಮಡಿ” ಎಂದು ನಾನು ಕೇಳಬಹುದು. ಎದುರಾಳಿ ಒಪ್ಪದಿದ್ದರೆ ಆಗ ಇದ್ದ ಪಣಕ್ಕೆ ಆ ಆಟ ಸೋತಂತೆ. ಒಪ್ಪಿದರೆ ಆ ದಾಳ ಅವನದಾಗುತ್ತದೆ. ಮತ್ತೆ ಇಮ್ಮಡಿಸುವ ಹಕ್ಕು ಅವನೊಬ್ಬನಿಗೇ.

ಯಾವಾಗ ಒಪ್ಪಬೇಕು? ದುಡ್ಡಿಗೆ ಆಡುವಾಗ ಲೆಕ್ಕ ಸುಲಭ. ಗೆಲ್ಲುವ ಅವಕಾಶ ನಾಲ್ಕರಲ್ಲಿ ಒಂದಿದ್ದರೆ ಸಾಕು. ಅಂಥ ನಾಲ್ಕು ಆಟಗಳನ್ನು ಬಿಟ್ಟುಕೊಟ್ಟರೆ ನಾಲ್ಕು ರೂಪಾಯಿ ಹೋಯಿತು. ಒಪ್ಪಿ ಆಡಿದರೆ ಮೂರರಲ್ಲಿ ಆರು ರೂಪಾಯಿ ಹೋಗಿ ಒಂದರಲ್ಲಿ ಎರಡು ಬರುತ್ತದೆ. ಅಲ್ಲಿಗೂ ನಷ್ಟ ನಾಲ್ಕೇ. ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡು ನಾನು ಪಂಡಿತನಾದೆನೆಂದು ತಿಳಿದಿದ್ದೆ.

ನಾವು ಆಡುವುದಾದರೋ ದುಡ್ಡಿಗಲ್ಲ, ಏಳು ಅಂಕದ ಪಂದ್ಯ. ಒಂದು ಭಾನುವಾರ ನಾನು 5, ಕ್ಯಾಪ್ಟನ್ 3. ಆಟವೂ ನನ್ನ ಕಡೆಗೇ ವಾಲಿತ್ತು. ಹತ್ತರಲ್ಲಿ ಏಳು ಪಾಲು ಗೆಲುವು ನನ್ನದೆನ್ನಬಹುದಾಗಿತ್ತು. ಗತ್ತಿನಿಂದ ಪಣವನ್ನು 2ಕ್ಕೆ ಏರಿಸಿದೆ. ಅವರು ನಗುತ್ತ ಒಪ್ಪಿದರು. ತಮ್ಮ ಸರದಿ ಬಂದೊಡನೆ ದಾಳವನ್ನು ಮಗುಚಿ 4 ಮಾಡಿದರು! ಬಿಟ್ಟುಕೊಟ್ಟರೆ ಅವರಿಗೆ ಎರಡು ಅಂಕ ಸೇರಿ 5-5 ಆಗುತ್ತಿತ್ತು. ನಾನು ಒಪ್ಪಿದೆ. ಆಮೇಲೆ ಅವರಿಗೆ ಎರಡು ಸಲ ಜೋಡಿ ಆರು ಬಿದ್ದು ಪಂದ್ಯವೇ ಮುಗಿಯಿತು.

“ದಾಳ ಕೆಟ್ಟಿತು” ಎಂದೆ.

“ದಾಳ ಕೆಟ್ಟದ್ದಲ್ಲ ಮಾರಾಯರೇ. ನೀವು ಹಲಗೆಯನ್ನು ಮಾತ್ರ ನೋಡಿದಿರಿ, ಅಂಕ ನೋಡಲಿಲ್ಲ” ಎಂದರು ಕ್ಯಾಪ್ಟನ್.

ಅವರ ವಿವರಣೆ ಹೀಗೆ: ನನಗೆ ಬೇಕಾಗಿದ್ದುದು ಎರಡೇ ಅಂಕ. ನಾಲ್ಕು ಗೆದ್ದರೂ ಹೆಚ್ಚಿನ ಎರಡು ನನಗೆ ಕಸ. ಅವರಿಗೆ ಬೇಕಾಗಿದ್ದುದು ಸರಿಯಾಗಿ ನಾಲ್ಕು. ನಾನು 2ಕ್ಕೆ ಏರಿಸಿದೊಡನೆ, ಆ ಆಟ ಸೋತರೆ ಅವರ ಪಂದ್ಯ ಹೇಗೂ ಹೋಗುವುದೇ; ಆದುದರಿಂದ 4 ಮಾಡಲು ಅವರಿಗೆ ಅಂಜಿಕೆ ಏನು? ಬಿಟ್ಟುಕೊಟ್ಟು 6-3ರಲ್ಲಿ ಉಳಿದಿದ್ದರೆ ಪಂದ್ಯ ಗೆಲ್ಲುವ ಅವಕಾಶ ನೂರಕ್ಕೆ ಸುಮಾರು 17-18, ಒಪ್ಪಿದುದರಿಂದ 30. ನಾನೋ, ಸುಮ್ಮನಿದ್ದು ಆ ಆಟ ಸೋತಿದ್ದರೂ 5-4ರಲ್ಲಿ ಮುಂದೆಯೇ ಇರುತ್ತಿದ್ದೆ. ಮುಂದಿರುವವನು ಪಣ ಏರಿಸಲು ಹಿಂಜರಿಯಬೇಕು. ಹಿಂದಿರುವವನು ಧೈರ್ಯ ಮಾಡಬೇಕು. ಗೆಲುವಿಗೆ ಒಂದೇ ಅಂಕ ಬಾಕಿ ಇರುವವನನ್ನು ಈ ಧೈರ್ಯದಿಂದ ಕಾಪಾಡಲೆಂದೇ, ಆ ಹಂತ ಮುಟ್ಟಿದ ನಂತರದ ಒಂದು ಆಟದಲ್ಲಿ ಇಮ್ಮಡಿಯ ದಾಳವನ್ನು ಮುಟ್ಟಬಾರದೆಂಬ ನಿಯಮವಿದೆ. ಅಮೆರಿಕದ ಬ್ರಿಜ್ ಆಟಗಾರ ಜಾನ್ ಕ್ರಾಫರ್ಡ್ ಅವರ ಹೆಸರಿನ ನಿಯಮ ಅದು. ಆ ಒಂದು ಆಟ ಕಳೆಯಿತೆಂದರೆ ಹಿಂದಿರುವವನು ಪ್ರತಿ ಆಟದಲ್ಲಿಯೂ ಸಿಕ್ಕಿದ ಮೊದಲ ಅವಕಾಶಕ್ಕೇ ಇಮ್ಮಡಿಸುತ್ತಾನೆ. ಅವನಿಗೆ ಕಳೆದುಕೊಳ್ಳಲು ಬೇರೇನೂ ಇರುವುದಿಲ್ಲ.

ಒಂದೇ ಹಲಗೆ, ಅವೇ ಕಾಯಿ, ಅವೇ ದಾಳ. ಆದರೂ ಇಬ್ಬರಿಗೆ ಎರಡು ಲೆಕ್ಕ, ಎರಡೂ ಸರಿ. ಆ ರಾತ್ರಿ ನನಗೆ ಪಂದ್ಯದ ನೆನಪಿಗಿಂತ ನಮ್ಮಣ್ಣನ ನೆನಪೇ ಹೆಚ್ಚಾಯಿತು.

1979ರಲ್ಲಿ, ನನಗೆ ಇಪ್ಪತ್ತಾರಾಗಿದ್ದಾಗ, ಮುಂಬಯಿಯಲ್ಲಿ ಒಂದು ವರ್ಕ್‌ಶಾಪು ಹಾಕಬೇಕೆಂದು ಹೊರಟೆ. ಧಾರವಾಡದ ಮನೆಯನ್ನು ಅಡವಿಟ್ಟು ಸಾಲ ಕೊಡಿಸೆಂದು ಅಣ್ಣನನ್ನು ಕೇಳಿದೆ. “ಹತ್ತರಲ್ಲಿ ಏಳು ಪಾಲು ಗೆಲುವು” ಎಂದು ಆಗಲೂ ಹೇಳಿದ್ದೆ. ಅವನು ಎರಡು ದಿನ ಯೋಚಿಸಿ ಆಗುವುದಿಲ್ಲ ಎಂದ. ಅವನು ಅಂಜುಬುರುಕ ಎಂದು ನಾನು ತೀರ್ಮಾನಿಸಿದೆ. ನಂತರ ಬೇರೆ ದಾರಿಯಿಂದ ನಾಲ್ಕು ಕಾಸು ಕಂಡೆನಾದರೂ, ಹಬ್ಬಕ್ಕೆ ಹೋದಾಗ ಅವನೊಡನೆ ಮಾತು ಮಳೆ ಬೆಳೆಯನ್ನು ದಾಟುತ್ತಿರಲಿಲ್ಲ.

ನಾನು ಕಳೆದುಕೊಳ್ಳಲು ಏನೂ ಇಲ್ಲದ ಹುಡುಗ. ಅವನ ಕಡೆ ಅಪ್ಪ ಇಲ್ಲದ ಮನೆ, ಅವ್ವ, ಮದುವೆಗೆ ಬಂದ ಇಬ್ಬರು ತಂಗಿಯರು. ನನಗೆ ಅದು ಒಂದು ಆಟ. ಅವನಿಗೆ ಇಡೀ ಪಂದ್ಯ. ಏಳು ಪಾಲು ಗೆಲುವೆಂದು ನಾನು ಹೇಳಿದಾಗ ಅವನ ಕಿವಿಗೆ ಕೇಳಿಸಿದುದು ಉಳಿದ ಮೂರು ಪಾಲು.

ಮರುದಿನ ಫೋನು ಮಾಡಿದೆ. ಅಣ್ಣನಿಗೀಗ ಎಂಬತ್ನಾಲ್ಕು, ಕಿವಿ ಮಂದ. ಎರಡು ಸಲ ಗಟ್ಟಿಯಾಗಿ ಹೇಳಬೇಕಾಯಿತು: “ಅಣ್ಣಾ, ಅವತ್ತು ಮನಿ ಅಡವಿಡೂದು ಬ್ಯಾಡ ಅಂದಿದ್ದೆಲ್ಲ, ಅದು ಸರಿ ಇತ್ತು.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದ: “ಆ ಎರಡು ರಾತ್ರಿ ನಾನೂ ನಿದ್ದಿ ಮಾಡಿದ್ದಿಲ್ಲೋ ತಮ್ಮಾ.”

ದೀಪಾವಳಿಗೆ ಧಾರವಾಡಕ್ಕೆ ಹೊರಟಿದ್ದೇನೆ. ಹಲಗೆಯನ್ನು ಒಯ್ಯಿರೆಂದು ಕ್ಯಾಪ್ಟನ್ ಕೊಟ್ಟಿದ್ದಾರೆ.