ಹಾಲು ಕರಕ್ಕ, ಮಜ್ಜಿಗಿ ಮನಷ್ಯಾಗ

ಬಾಳೆಹೊಸೂರಿನ ನಮ್ಮ ಮನೆಯಲ್ಲಿ ಹಾಲಿಗೆ ಹಾಲಾಗಿಯೇ ಉಳಿಯುವ ಯೋಗವಿರಲಿಲ್ಲ. ಚಹಾಕ್ಕೆ ಒಂದಿಷ್ಟು, ತೊಟ್ಟಿಲ ಕೂಸಿಗೆ ಒಂದಿಷ್ಟು. ಮಿಕ್ಕದ್ದೆಲ್ಲ ಕಾಸಿ, ಆರಿಸಿ, ಹೆಪ್ಪು ಹಾಕಿ ನೆಲುವಿಗೆ. ಮಧ್ಯಾಹ್ನದ ಜೋಳದ ರೊಟ್ಟಿಗೆ ಗಟ್ಟಿ ಮೊಸರು, ಶೇಂಗಾ ಚಟ್ನಿ. ಹೊಲದಿಂದ ಬಂದವರಿಗೆ ತಂಬಿಗೆ ತುಂಬ ಮಜ್ಜಿಗೆ. ಹೀಗಾಗಿ ನನ್ನ ಹೊಟ್ಟೆಯ ಗುಣ ನನಗೆ ತಿಳಿದದ್ದು ಹುಬ್ಬಳ್ಳಿಯಲ್ಲಿ ಓದಲು ಹೋದ ಮೇಲೆ. ಅಲ್ಲಿಯ ಹಾಸ್ಟೆಲಿನಲ್ಲಿ ರಾತ್ರಿ ಮಲಗುವ ಮುಂಚೆ ದೊಡ್ಡ ಲೋಟದಲ್ಲಿ ಬಿಸಿ ಹಾಲು ಕುಡಿಯುವ ಗೆಳೆಯರಿದ್ದರು. ನಾನೂ ಕುಡಿದೆ. ಅವರು ಸುಖವಾಗಿ ಗೊರಕೆ ಹೊಡೆದರು. ನನ್ನ ಹೊಟ್ಟೆ ಬೆಳತನಕ ಮಾತಾಡಿತು.

ರಜೆಗೆ ಊರಿಗೆ ಬಂದು ಹೇಳಿದರೆ ಅವ್ವ ತಲೆಯನ್ನೂ ಎತ್ತಲಿಲ್ಲ. "ಹಾಲು ಕರಕ್ಕ, ಮಜ್ಜಿಗಿ ಮನಷ್ಯಾಗ. ಸುಮ್ನ ಮಜ್ಜಿಗಿ ಕುಡಿಯೋ ತಮ್ಮಾ" ಅಂದಳು. ಇದಕ್ಕಿಂತ ಚಿಕ್ಕದಾಗಿ ಈ ವಿಷಯವನ್ನು ಯಾವ ಜೀವಶಾಸ್ತ್ರಜ್ಞನೂ ಹೇಳಿದ್ದನ್ನು ನಾನು ಓದಿಲ್ಲ.

ನಮ್ಮ ಎರಡನೆಯ ಕ್ರೋಮೊಸೋಮಿನಲ್ಲಿ ಎಲ್‌ಸಿಟಿ ಎಂಬ ಜೀನ್ ಇದೆ. ಅದು ಬರೆಸುವ ಪ್ರೋಟೀನೇ ಲ್ಯಾಕ್ಟೇಸ್. ಸಣ್ಣಕರುಳಿನ ಒಳಗೋಡೆಗೆ ಅಂಟಿಕೊಂಡಿರುವ ಈ ಕಿಣ್ವಕ್ಕೆ ಮುಖ್ಯವಾಗಿ ಒಂದೇ ಉದ್ಯೋಗ: ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಗ್ಲೂಕೋಸ್, ಗ್ಯಾಲಕ್ಟೋಸ್ ಎಂದು ಎರಡಾಗಿ ಒಡೆಯುವುದು. ಒಡೆಯದಿದ್ದರೆ ಅದು ರಕ್ತಕ್ಕೆ ಸೇರುವಂತಿಲ್ಲ. ಹಾಗೇ ದೊಡ್ಡಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸಿ ಜಲಜನಕದಂಥ ಅನಿಲ ಹೊರಡಿಸುತ್ತವೆ. ಉಸಿರಿನಲ್ಲಿ ಆ ಜಲಜನಕವನ್ನು ಅಳೆದೇ ವೈದ್ಯರು ಈ ತೊಂದರೆ ಪತ್ತೆಹಚ್ಚುತ್ತಾರೆ. ನನ್ನ ರಾತ್ರಿಯ ಸಂಗೀತ ಕಚೇರಿಯ ಮೇಳದವರು ಈ ಬ್ಯಾಕ್ಟೀರಿಯಾಗಳೇ.

ಹಾಗಂತ ನನ್ನ ಜೀನೇನೂ ಕೆಟ್ಟಿಲ್ಲ. ಎಲ್‌ಸಿಟಿಯೇ ಕೆಟ್ಟು ಹುಟ್ಟಿದ ಕೂಸಿಗೆ ತಾಯಿಯ ಹಾಲೂ ದಕ್ಕುವುದಿಲ್ಲ. ಅದು ಬಹಳ ಅಪರೂಪದ ಕಾಯಿಲೆ, ಹೆಚ್ಚಾಗಿ ಕಂಡಿರುವುದು ಫಿನ್ಲೆಂಡಿನಲ್ಲಿ. ನನ್ನದು ಎಲ್ಲ ಸಸ್ತನಿಗಳ ಹಳೆಯ ಕ್ರಮ. ಮೊಲೆ ಬಿಟ್ಟ ಮೇಲೆ ಲ್ಯಾಕ್ಟೇಸ್ ಕಡಿಮೆಯಾಗುತ್ತ ಹೋಗುತ್ತದೆ, ಕರುವಿಗೂ ಅಷ್ಟೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೇ. ವಿಚಿತ್ರದವರು ಅಂದರೆ ನನ್ನ ಆ ಗೆಳೆಯರು!

ಅವರ ಗುಟ್ಟನ್ನು 2002ರಲ್ಲಿ ಬಿಡಿಸಿದ್ದೂ ಫಿನ್ಲೆಂಡಿನವರೇ. ಎಲ್‌ಸಿಟಿಯ ಆರಂಭದಿಂದ 13,910 ಡಿಎನ್‌ಎ ಅಕ್ಷರ ಹಿಂದೆ, ನೆರೆಯ ಎಂಸಿಎಂ6 ಎಂಬ ಜೀನಿನ ಒಳಗೆ, ಸಿ ಇರಬೇಕಾದಲ್ಲಿ ಟಿ ಇದ್ದರೆ ಲ್ಯಾಕ್ಟೇಸ್ ಮುಪ್ಪಿನವರೆಗೂ ಆರುವುದಿಲ್ಲ. ನಮ್ಮ ಮನೆಯ ದೀಪದ ಸ್ವಿಚ್ಚು ಪಕ್ಕದ ಮನೆಯ ಗೋಡೆಯಲ್ಲಿದ್ದ ಹಾಗೆ. ಪೂರ್ವ ಆಫ್ರಿಕದ ದನಗಾರರಲ್ಲಿ ಇದೇ ಕೆಲಸವನ್ನು ಬೇರೆ ಅಕ್ಷರ ಬದಲಾವಣೆಗಳು ಮಾಡಿವೆ ಎಂದು 2007ರಲ್ಲಿ ತಿಳಿಯಿತು. ನಮ್ಮ ದೇಶದ್ದು 2012ರಲ್ಲಿ ಪ್ರಕಟವಾಯಿತು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಭಾರತೀಯರ ಡಿಎನ್‌ಎ ನೋಡಿದಾಗ ಸಿಕ್ಕಿದ್ದು ಯುರೋಪಿನ ಅದೇ ಟಿ. ವಾಯವ್ಯದಲ್ಲಿ ದಟ್ಟ, ದಕ್ಷಿಣಕ್ಕೆ, ಪೂರ್ವಕ್ಕೆ ಬಂದಂತೆ ವಿರಳ. ದನಕರುಗಳ ಹಿಂದೆ ಬದುಕಿದ ಸಮುದಾಯಗಳಲ್ಲಿ ಮಾತ್ರ ಹೆಚ್ಚು.

ದಕ್ಷಿಣದವರಿಗೆ ದನ ಹೊಸದಲ್ಲವಲ್ಲ, ಎಂದು ಯಾರಾದರೂ ಕೇಳಿಯಾರು. ಬಳ್ಳಾರಿ ಬದಿಯ ಕುಡತಿನಿಯಲ್ಲಿ ಬೂದಿದಿಬ್ಬವಿದೆ. ಇಂಥ ದಿಬ್ಬಗಳು ರಾಕ್ಷಸರ ಬೂದಿಯೂ ಅಲ್ಲ, ಜ್ವಾಲಾಮುಖಿಯದೂ ಅಲ್ಲ. ನಾಲ್ಕೈದು ಸಾವಿರ ವರ್ಷ ಹಿಂದಿನ ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿ ಎಂಬುದನ್ನು 1957ರಲ್ಲಿ ಉತ್ನೂರಿನಲ್ಲಿ ಅಗೆದ ಪುರಾತತ್ವಜ್ಞ ಆಲ್ಚಿನ್ ಖಚಿತಪಡಿಸಿದರು. ಮುಂದೆ ತುರುಗಳಿಗಾಗಿ ಸತ್ತವರ ವೀರಗಲ್ಲುಗಳು ಕನ್ನಡ ನಾಡಿನ ಉದ್ದಗಲಕ್ಕೂ ಎದ್ದವು. ಇಷ್ಟು ದನ ಇದ್ದೂ ಹೊಟ್ಟೆ ಬದಲಾಗಬೇಕಾಗಿರಲಿಲ್ಲ, ಗಡಿಗೆ ಆ ಕೆಲಸ ಮಾಡುತ್ತಿತ್ತು ಎಂದು ನನಗೆ ಅನಿಸುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ತಿಂದು ಹುಳಿ ಮಾಡುತ್ತವೆ. ಉಳಿದದ್ದನ್ನು ಒಡೆಯಲು ನಮ್ಮ ಕರುಳಿನೊಳಗೂ ತಮ್ಮ ಕಿಣ್ವ ಕೊಡುತ್ತವೆ. ತುಪ್ಪದಲ್ಲಿಯಂತೂ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಯುರೋಪಿನಲ್ಲೂ ಮಡಕೆಗಳಿಗೆ ಹಾಲಿನ ಜಿಡ್ಡು ಅಂಟಿದ ಸಾವಿರಾರು ವರ್ಷಗಳ ಮೇಲಷ್ಟೇ ಆ ಟಿ ಹಬ್ಬಿತು.

ಇದನ್ನೆಲ್ಲ ಕೇಳಿ ನಮ್ಮೂರ ಮೇಷ್ಟರೊಬ್ಬರು, "ಹಂಗಾದ್ರ ಸಾಲ್ಯಾಗ ಹಾಲು ಕೊಡೂದು ತಪ್ಪೇನ್ರಿ?" ಅಂದರು. ತಪ್ಪಲ್ಲ. 2013ರ ಆಗಸ್ಟಿನಲ್ಲಿ ಶುರುವಾದ ಸರ್ಕಾರದ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ ಸಿಗುವುದು 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು. ಅದರಲ್ಲಿ ಲ್ಯಾಕ್ಟೋಸ್ ಸುಮಾರು 7 ಗ್ರಾಂ. ಲ್ಯಾಕ್ಟೇಸ್ ಇಳಿದವರಲ್ಲೂ ಹೆಚ್ಚಿನವರು ಒಮ್ಮೆಗೆ 12 ಗ್ರಾಂವರೆಗೆ ತಾಳಿಕೊಳ್ಳುತ್ತಾರೆ. ತೊಂದರೆ ಇರುವುದು ಹಾಸ್ಟೆಲಿನ ಆ ದೊಡ್ಡ ಲೋಟದಲ್ಲಿ.

ಹೊಟ್ಟೆ ಗುಡುಗುವವರು ಲೋಟ ಸಣ್ಣದು ಮಾಡಿಕೊಳ್ಳಿ, ಇಲ್ಲವೇ ಮಜ್ಜಿಗೆಗೆ ಬನ್ನಿ. ಹೈನನ್ನೇ ಬಿಟ್ಟು ಸುಣ್ಣದಂಶ ಕಳೆದುಕೊಳ್ಳಬೇಡಿ. ಆದರೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಮಜ್ಜಿಗೆ ನಂಬಿ ಕೂರದೆ ವೈದ್ಯರಿಗೆ ತೋರಿಸಿ. ಅದು ಈ ಜೀನಿನ ಕೆಲಸವಲ್ಲ.