ಬೆನ್ನ ಮೇಲೆ ಸೋನಾ ಮಸೂರಿ

ನಮ್ಮ ಬೀದಿಯ ಮಕ್ಕಳು ನನಗೆ 'ರೈಸ್ ಮ್ಯಾನ್' ಅಂತ ಹೆಸರಿಟ್ಟಿದ್ದಾರಂತೆ. ಮಗಳು ಬಂದು ಹೇಳಿದಳು. ತಪ್ಪು ಅವರದ್ದಲ್ಲ ಬಿಡಿ. ಬೆಳಗಿನ ಐದೂವರೆಗೆ ತಲೆಗೊಂದು ದೀಪ ಕಟ್ಟಿಕೊಂಡು, ಇಂಡಿಯನ್ ಸ್ಟೋರಿನಿಂದ ತಂದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆಗಳನ್ನು ದೊಡ್ಡದೊಂದು ಚೀಲದಲ್ಲಿ ತುಂಬಿ ಬೆನ್ನಿಗೇರಿಸಿಕೊಂಡು, ಏರು ರಸ್ತೆಯಲ್ಲಿ ಹತ್ತಿ ಇಳಿದು ಹತ್ತಿ ಇಳಿದು ಮಾಡುವ ಮನುಷ್ಯನಿಗೆ ಇನ್ನೇನು ಹೆಸರಿಡುತ್ತಾರೆ? ಒಂದು ದಿನ ಎದುರು ಸಾಲಿನ ಹೆಂಗಸು ಕಾರು ನಿಲ್ಲಿಸಿ, 'ಮನೇಲಿ ಎಲ್ಲ ಸರಿಯಾಗಿದೆ ತಾನೆ? ಎಲ್ಲಿಗಾದರೂ ಬಿಡಬೇಕಾ?' ಅಂತ ನಿಜವಾದ ಕಾಳಜಿಯಿಂದಲೇ ಕೇಳಿದ್ದರು :)

ವಿಷಯ ಇಷ್ಟೆ. ಅಕ್ಟೋಬರಿನಲ್ಲಿ ಇಲ್ಲಿ ಎಲ್ಕ್ ಬೇಟೆಯ ಕಾಲ. ನಾನು ಅದಕ್ಕೆ ತಯಾರಾಗುತ್ತಿದ್ದೇನೆ.

ಹಾಗೆಂದ ಕೂಡಲೇ ಕೋವಿ ಹಿಡಿದು ನಿಂತ ನನ್ನ ಚಿತ್ರ ಕಲ್ಪಿಸಿಕೊಳ್ಳಬೇಡಿ. ಕೋವಿ ನನ್ನದಲ್ಲ, ಪರವಾನಗಿಯೂ ನನ್ನದಲ್ಲ. ಎರಡೂ ನಮ್ಮ ಪಕ್ಕದ ಮನೆಯವರದ್ದು. ಅವರಿಗೆ 68 ವರ್ಷ. ಕರೆಂಟ್ ಲೈನ್‌ಮ್ಯಾನ್ ಆಗಿ ದುಡಿದು ನಿವೃತ್ತರಾದವರು. ಹೆಸರು ಬರೆದರೆ ಅವರಿಗೆ ಇಷ್ಟವಾಗದು, ಇಲ್ಲಿ ಯಜಮಾನರು ಅಂತ ಕರೆಯುತ್ತೇನೆ. ನನ್ನದು ಹೊರುವ ಕೆಲಸ. ಹೋದ ವರ್ಷವೂ ಅದೇ ಕೆಲಸಕ್ಕೆ ಹೋಗಿದ್ದೆ. ಹೋಗಿ ಏನು ಮಾಡಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ನಾವಿರುವುದು ಕೊಲರಾಡೋದ ಡೆನ್ವರ್ ಹತ್ತಿರ. ಡೆನ್ವರೇ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರ. ಇಷ್ಟು ವರ್ಷ ಇಲ್ಲಿದ್ದೇನಲ್ಲ, ಬೆಟ್ಟ ನನಗೇನು ಹೊಸದೇ ಎಂಬ ಧೈರ್ಯ ನನಗಿತ್ತು. ಮೇಲಾಗಿ ಮಲೆನಾಡಿನವನು ಎಂಬ ಕೊಬ್ಬು ಬೇರೆ. 2024ರ ಅಕ್ಟೋಬರಿನಲ್ಲಿ ಯಜಮಾನರು ಟ್ರಕ್ ನಿಲ್ಲಿಸಿದ ಜಾಗವೇ 9,000 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿ ಚಿಲ್ಲರೆ. ಅಂದರೆ ಮುಳ್ಳಯ್ಯನಗಿರಿಗಿಂತ ಎಷ್ಟೋ ಎತ್ತರದಲ್ಲಿ ನಿಂತು ನಾವು ಬೂಟಿನ ಲೇಸು ಕಟ್ಟುತ್ತಿದ್ದೆವು, ಹತ್ತುವುದು ಇನ್ನೂ ಶುರುವೇ ಆಗಿರಲಿಲ್ಲ. ಹತ್ತು ಸಾವಿರ ಅಡಿ ಎತ್ತರದಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇದೆಲ್ಲ ಓದಿ ತಿಳಿದಿತ್ತು. ಕಾಲಿಗೆ ತಿಳಿದಿರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಯಜಮಾನರು ಒಂದು ಹೆಣ್ಣು ಎಲ್ಕ್ ಹೊಡೆದರು. ಒಂದೇ ಗುಂಡು. ಎಲ್ಕ್ ನೋಡದವರಿಗೆ ಹೇಳಬೇಕೆಂದರೆ ನಮ್ಮ ಕಡವೆಯ ದೊಡ್ಡಣ್ಣ. ಹೆಣ್ಣೇ ಇನ್ನೂರು ಕಿಲೋ ದಾಟುತ್ತದೆ. ಅದು ಬಿದ್ದದ್ದು ಒಂದು ಕೊರಕಲಿನ ತಳದಲ್ಲಿ. ಅಲ್ಲಿಂದ ಟ್ರಕ್ಕಿಗೆ ಎರಡು ಮೈಲಿ. ಮೊದಲು ಸುಮಾರು 900 ಅಡಿ ಏರಿ ಗುಡ್ಡದ ನೆತ್ತಿಗೆ ಬರಬೇಕು, ಆಮೇಲೆ ಆ ಕಡೆ ಇಳಿಯಬೇಕು. ದಾರಿ ಅಂತ ಏನೂ ಇಲ್ಲ, ಬಿದ್ದ ಮರಗಳ ಮೇಲೆ ಕಾಲೆತ್ತಿಡುತ್ತಾ ಹೋಗುವುದು.

ಗುಂಡು ಹೊಡೆದದ್ದು ಅರೆ ನಿಮಿಷದ ಕೆಲಸ. ಉಳಿದದ್ದೇ ಬೇಟೆ. ಚರ್ಮ ಸುಲಿದು, ನಾಲ್ಕು ಕಾಲು ಬೇರೆ ಮಾಡಿ, ಬೆನ್ನಿನ ಮಾಂಸ ಬಿಡಿಸಿ, ಬಟ್ಟೆ ಚೀಲಗಳಲ್ಲಿ ತುಂಬಿ ನೆರಳಲ್ಲಿ ನೇತುಹಾಕುವ ಹೊತ್ತಿಗೆ ಮೂರು ಗಂಟೆ ಹೋಯಿತು. ತಿನ್ನಬಹುದಾದ ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವುದು ಇಲ್ಲಿ ಅಪರಾಧ. ಕಾನೂನಿನ ಮಾತು ಹಾಗಿರಲಿ, ಯಜಮಾನರು ಅದನ್ನು ಪಾಪ ಅಂತಲೇ ತಿಳಿದವರು. ಅಕ್ಟೋಬರ್ ಆದರೂ ಅವತ್ತು ಬಿಸಿಲು ಜೋರಿತ್ತು. ತಡಮಾಡುವ ಹಾಗಿರಲಿಲ್ಲ. ಒಟ್ಟು ಐದು ಹೊರೆ.

ನನ್ನ ಬೆನ್ನಿಗೆ ಮೊದಲು ಬಂದದ್ದು ಒಂದು ಹಿಂದೊಡೆ, ಮೂಳೆ ಸಮೇತ ಸುಮಾರು 25 ಕಿಲೋ. ಏರುವಾಗ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾ ಹೇಗೋ ನೆತ್ತಿ ಮುಟ್ಟಿದೆ. ಇನ್ನೇನು, ಇಳಿಜಾರು ತಾನೆ ಎಂದುಕೊಂಡೆ. ಇಳಿಜಾರೇ ನನ್ನನ್ನು ಮುಗಿಸಿದ್ದು! ತೊಡೆಗಳು ಹೊಲಿಗೆ ಮಿಷಿನ್ನಿನ ಸೂಜಿಯ ಹಾಗೆ ಅದುರಲು ಶುರುವಾದವು. ಮಂಡಿ ಒಂದೆರಡು ಸಲ ಮಡಚಿಕೊಂಡಿತು. ಮೂರನೇ ಸಲ ಕುಸಿದು ಕೂತವನಿಗೆ ಏಳಲಾಗಲಿಲ್ಲ. ತಲೆ ಸಿಡಿಯುತ್ತಿತ್ತು, ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡೆ. ಯಜಮಾನರು ತಮ್ಮ ಹೊರೆ ಟ್ರಕ್ಕಿನಲ್ಲಿ ಇಳಿಸಿ ವಾಪಸು ಬಂದರು. ಒಂದು ಮಾತೂ ಆಡದೆ ನನ್ನ ಬೆನ್ನಿನಿಂದ ಚೀಲ ಬಿಚ್ಚಿ ತಮ್ಮ ಬೆನ್ನಿಗೆ ಹಾಕಿಕೊಂಡರು. ನನ್ನನ್ನು ಟ್ರಕ್ಕಿನಲ್ಲಿ ಕೂರಿಸಿ, ನೀರು ಕೊಟ್ಟು, ಮತ್ತೆ ಮೂರು ಸಲ ಆ ಕೊರಕಲಿಗೆ ಹೋಗಿ ಬಂದರು. ಕೊನೆಯ ಸಲ ಅವರ ತಲೆಯ ದೀಪ ಗುಡ್ಡದಿಂದ ಇಳಿದು ಬರುವುದನ್ನು ಹೀಟರ್ ಹಾಕಿಕೊಂಡು ಕೂತು ನೋಡಿದೆ. ನಡುರಾತ್ರಿ ಹತ್ತಿರವಾಗಿತ್ತು.

ಮನೆಗೆ ಬಂದ ಮೇಲೆ ಮಾಂಸವನ್ನು ಸರಿಯಾಗಿ ಅರ್ಧ ಮಾಡಿ ನನ್ನ ಪಾಲು ಕೊಟ್ಟರು. ಬೇಡ ಎಂದೆ, ಕೇಳಲಿಲ್ಲ. ಒಂದು ವಾರದ ನಂತರ, ನನ್ನ ಹೆಂಡತಿ ಅದರಲ್ಲೇ ಮೆಣಸು ಹಾಕಿ ಮಾಡಿದ ಸಾರನ್ನು ಅವರ ಮನೆಗೆ ಕೊಡಲು ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ಮಾತಿಗೆ ಸಿಕ್ಕಿದರು. 'ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಒಬ್ಬರೇ ಹೊರಬಾರದು ಅಂತಲೇ ನಿನ್ನನ್ನು ಕರೆದುಕೊಂಡು ಹೋಗಿದ್ದು. ನಿನಗೆ ಹೇಳಿರಲಿಲ್ಲವಾ?' ಅಂದರು. ದೂರುವ ದನಿಯೇನೂ ಇರಲಿಲ್ಲ. ನಾನು ಪಾತ್ರೆ ಅವರ ಕೈಗಿಟ್ಟು ಬಂದೆ. ಅವತ್ತು ರಾತ್ರಿ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಫೆಬ್ರವರಿಯಲ್ಲಿ ಶುರು ಮಾಡಿದೆ. ನನ್ನ ತೂಕ ಆಗ 84 ಕಿಲೋ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯಲ್ಲಿ 6.1 ಬಂದಿತ್ತು. 5.7 ದಾಟಿದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಡಾಕ್ಟರು ಅದನ್ನು ಹೇಳಿ ವರ್ಷವಾಗಿತ್ತು, ನಾನು ತಲೆ ಕೆಡಿಸಿಕೊಂಡಿರಲಿಲ್ಲ. ನನ್ನ ಒಳ್ಳೆಯದಕ್ಕೆ ನಾನು ಎದ್ದವನಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಮೊದಲು ಎಲ್ಲರಂತೆ ಜಿಮ್ಮಿಗೆ ಹೋಗಿ ಟ್ರೆಡ್‌ಮಿಲ್ ಮೇಲೆ ಓಡಿದೆ. ಒಂದು ತಿಂಗಳಾದ ಮೇಲೆ ಐದು ಕಿಲೋಮೀಟರ್ ಓಡುತ್ತೇನೆ ಅಂತ ಯಜಮಾನರ ಹತ್ತಿರ ಕೊಚ್ಚಿಕೊಂಡರೆ ಅವರು, 'ಎಲ್ಕ್ ಅನ್ನು ಓಡಿಸಿಕೊಂಡು ಹೋಗಿ ಹಿಡಿಯುವ ಯೋಚನೆಯಾ?' ಅಂದರು. ಆಮೇಲೆ ತಮ್ಮ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಒಂದಡಿ ಎತ್ತರದ ಮರದ ಪೆಟ್ಟಿಗೆ ತೋರಿಸಿದರು. ಅದರ ಮೇಲೆ ಹತ್ತುವುದು, ಇಳಿಯುವುದು. ಅಷ್ಟೆ. ಮೊದಲ ದಿನ ಬರಿ ಬೆನ್ನಲ್ಲಿ ಅರವತ್ತು ಸಲಕ್ಕೆ ಸುಸ್ತಾದೆ. ಈಗ ಎರಡು ಮೂಟೆ ಹೊತ್ತು ಐನೂರು.

ಹತ್ತುವುದಕ್ಕಿಂತ ಇಳಿಯುವುದನ್ನು ನಿಧಾನ ಮಾಡು ಎಂಬುದು ಅವರ ಒಂದೇ ಪಾಠ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಇಡೀ ಮೈಭಾರಕ್ಕೆ ಬ್ರೇಕ್ ಹಿಡಿಯಬೇಕು. ಎಳೆಗಳು ಹೆಚ್ಚು ಹರಿಯುವುದು ಆಗಲೇ. ಎರಡು ದಿನ ಬಿಟ್ಟು ಕಮೋಡಿನ ಮೇಲೆ ಕೂರಲೂ ಆಗದಂಥ ನೋವು ಬರುವುದೂ ಅದರಿಂದಲೇ. (ಕುಮಾರಪರ್ವತ ಇಳಿದು ಬಂದವರಿಗೆ ವಿವರಣೆ ಬೇಡ.) ಒಳ್ಳೆಯ ಸುದ್ದಿಯೆಂದರೆ, ಸ್ವಲ್ಪ ಸ್ವಲ್ಪವೇ ಇಳಿಸಿ ಅಭ್ಯಾಸ ಮಾಡಿಸಿದರೆ ಅದೇ ಸ್ನಾಯು ಮುಂದಿನ ಸಲ ಅಷ್ಟು ಹಾಳಾಗುವುದಿಲ್ಲ. ಹೋದ ವರ್ಷ ನನ್ನನ್ನು ಕೂರಿಸಿದ್ದು ಎತ್ತರವೊಂದೇ ಅಲ್ಲ, ಇಳಿಜಾರನ್ನು ಜೀವಮಾನದಲ್ಲಿ ಭಾರ ಹೊತ್ತು ಇಳಿಯದ ಕಾಲುಗಳು.

ಅಕ್ಕಿ ಮೂಟೆ ನನ್ನದೇ ಆವಿಷ್ಕಾರ. ಇಲ್ಲಿನವರು ಮರಳು ತುಂಬುತ್ತಾರೆ. ಅಕ್ಕಿಯಾದರೆ ತೂಕ ಚೀಲದ ಮೇಲೇ ಅಚ್ಚಾಗಿರುತ್ತದೆ, ಬೆನ್ನಿಗೂ ಮೆತ್ತಗೆ ಕೂರುತ್ತದೆ. ಒಂದು ಮೂಟೆ ಒಂಬತ್ತು ಕಿಲೋ, ಮೂರು ಸೇರಿದರೆ ಹಿಂದೊಡೆಗಿಂತ ಒಂದೆರಡು ಕಿಲೋ ಜಾಸ್ತಿ. ತೊಂದರೆ ಮನೆಯೊಳಗೆ. 'ರೀ, ಡಬ್ಬಿ ಖಾಲಿಯಾಗಿದೆ. ನಿಮ್ಮ ಬೆನ್ನಿಂದು ಒಂದು ಒಡೀಲಾ?' ಅಂತ ಹೆಂಡತಿ ಕೇಳಿದಾಗಲೆಲ್ಲ ನನ್ನ ಲೆಕ್ಕ ತಪ್ಪುತ್ತದೆ. ನಾನು ಅನ್ನ ಕಡಿಮೆ ಮಾಡಿದ ವರ್ಷವೇ ಮನೆಯಲ್ಲಿ ಅಕ್ಕಿ ಇಷ್ಟು ಓಡಾಡಿದ್ದು ನೋಡಿ.

ಜೂನಿನಲ್ಲಿ ಮ್ಯಾನಿಟೂ ಸ್ಪ್ರಿಂಗ್ಸ್‌ನ ಇನ್‌ಕ್ಲೈನ್‌ಗೆ ಹೋದೆವು. ಅದು ಹಳೆಯ ಕೇಬಲ್ ರೈಲಿನ ಹಾದಿ. ಈಗ ಹಳಿಯಿಲ್ಲ, ಮರದ ಅಡ್ಡದಿಮ್ಮಿಗಳೇ ಮೆಟ್ಟಿಲು. ಒಂದು ಮೈಲಿಗಿಂತ ಕಡಿಮೆ ದೂರದಲ್ಲಿ ಸುಮಾರು 2,000 ಅಡಿ ಏರುತ್ತದೆ, ಮೆಟ್ಟಿಲು 2,700ಕ್ಕೂ ಹೆಚ್ಚು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಹಣೆಗೆ ಕುಂಕುಮ ಹಚ್ಚಿಕೊಂಡ ನನ್ನ ಹೆಂಡತಿ (ಅವಳು ಮೈಸೂರಿನವಳು) ಸಲೀಸಾಗಿ ಹತ್ತಿ ಹೋದಳು. ನಾನು ಒಂದೂ ಕಾಲು ಗಂಟೆ ತೆಗೆದುಕೊಂಡೆ. ಆದರೂ ಹತ್ತಿದೆನಲ್ಲ ಎಂಬ ಹುಮ್ಮಸ್ಸಿನಲ್ಲಿ ಮರುವಾರವೇ ಮೂರನೇ ಮೂಟೆ ಸೇರಿಸಿದೆ. ಮಂಡಿ ಊದಿಕೊಂಡಿತು. ಜುಲೈ ಪೂರ್ತಿ ಹೊರೆಯಿಲ್ಲ. ಆ ಒಂದು ತಿಂಗಳು ನಾನು ಮನೆಯವರ ಮೇಲೆ ರೇಗಾಡಿದ್ದನ್ನು ಬರೆಯದಿರುವುದೇ ಕ್ಷೇಮ.

ಅದೇ ದಿನಗಳಲ್ಲಿ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕಿದ್ದೇ ನಕ್ಕಿದ್ದು. 'ಎಂತದಾ ಅದು? ಗುಡ್ಡ ಹತ್ತೋದಕ್ಕೂ ಟ್ರೇನಿಂಗಾ? ನಿನ್ನ ಅಜ್ಜಯ್ಯ ಯಾವ ಪೆಟ್ಟಿಗೆ ಹತ್ತಿ ಇಳಿದಿದ್ರು?'

ಅಜ್ಜಯ್ಯ ನಮ್ಮ ಕಡೆ ಹೆಸರಾದ ಶಿಕಾರಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಎಲ್ಲ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಅವರ ಕೋವಿ ಈಗ ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಲು ಮಾತ್ರ ಮನೆಯಿಂದ ಹೊರಗೆ ಬರುತ್ತದೆ. ಆದರೆ ಕಥೆಗಳು ನಿಂತಿಲ್ಲ. ಹಳು ನುಗ್ಗಿದ್ದು, ಒಂಟಿ ಹಂದಿ ತಿರುಗಿ ಬಿದ್ದದ್ದು, ಅಜ್ಜಯ್ಯ ಅಲುಗಾಡದೆ ನಿಂತು ಹೊಡೆದದ್ದು ಎಲ್ಲ ನನಗೆ ಬಾಯಿಪಾಠ. ಎಲ್ಲ ಕಥೆಯೂ ಈಡು ಹಾರಿದಲ್ಲಿಗೆ ಮುಗಿದು, ಮುಂದಿನ ವಾಕ್ಯದಲ್ಲಿ ಅಂಗಳದಲ್ಲಿ ಹಸಿಗೆ ಆಗುತ್ತಿರುತ್ತದೆ. ನಡುವಿನ ದಾರಿ ಯಾವ ಕಥೆಯಲ್ಲೂ ಇಲ್ಲ. ಹೋದ ವರ್ಷದ ತನಕ ನನಗೆ ಅದು ಹೊಳೆದೂ ಇರಲಿಲ್ಲ.

'ಅಪ್ಪಯ್ಯ, ಹಂದೀನ ಕಾಡಿಂದ ಮನೆಗೆ ಹೊತ್ತು ತರ್ತಿದ್ದೋರು ಯಾರು?' ಅಂತ ಕೇಳಿದೆ.

'ಯಾರು ಅಂದ್ರೆ? ಆಳುಗಳು. ಕಾಲು ಕಟ್ಟಿ ಬಿದಿರು ಗಳುವಿಗೆ ನೇತುಹಾಕಿ ಇಬ್ಬರು ಹೊರೋರು.'

'ಅವರ ಹೆಸರು?'

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. 'ಈಗ ನೆನಪಿಲ್ಲ ಮಾರಾಯ' ಅಂತ ಹೇಳಿ ಅಡಿಕೆ ರೇಟಿನ ವಿಷಯಕ್ಕೆ ಹೋದರು.

ಎರಡು ದಿನ ಬಿಟ್ಟು ನಮ್ಮ ನಡುರಾತ್ರಿಯಲ್ಲಿ ಅವರೇ ಫೋನ್ ಮಾಡಿದರು. ಏನೋ ಆಯಿತೆಂದು ಎದೆ ಒಡೆದುಕೊಂಡು ಎತ್ತಿದರೆ, 'ಹೆಸರು ಬರ್ಲಿಲ್ಲ ಕಣಾ. ಆದ್ರೆ ಒಬ್ಬನ ಹೆಗಲ ಮೇಲೆ ಕಾಯಿ ಕಟ್ಟಿತ್ತು. ಇಷ್ಟು ದಪ್ಪ. ನಾನು ಸಣ್ಣವನಿದ್ದಾಗ ಮುಟ್ಟಿ ನೋಡ್ತಿದ್ದೆ. ಅವನು ನಗೋನು' ಅಂದರು. ಅಷ್ಟೇ ಹೇಳಿ ಇಟ್ಟರು.

ಯಜಮಾನರಿಗೆ ಈ ವರ್ಷವೂ ಲಾಟರಿಯಲ್ಲಿ ಹೆಣ್ಣು ಎಲ್ಕ್‌ನ ಪರವಾನಗಿ ಬಂದಿದೆ. ಹೃದಯದ ಡಾಕ್ಟರು ನಡೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಹೊರಲು ಕೊಟ್ಟಿಲ್ಲ. ಆಗಸ್ಟಿನಲ್ಲಿ ನಾವಿಬ್ಬರೂ ನಕ್ಷೆ ಹರಡಿಕೊಂಡು ಕೂತು ಒಂದು ಒಪ್ಪಂದಕ್ಕೆ ಬಂದೆವು. ನಾನು ಐದೂ ಹೊರೆ ಎರಡು ದಿನದೊಳಗೆ ತರಬಲ್ಲ ಜಾಗದಲ್ಲಿ ಮಾತ್ರ ಗುಂಡು. ಅದರಾಚೆ ಎಲ್ಕ್ ಎದುರಿಗೇ ಬಂದು ನಿಂತರೂ ನೋಡಿ ಕೈ ಮುಗಿಯುವುದು. ಅವರು ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ಹೋದರು. ಹೋದ ವರ್ಷದ ಕೊರಕಲಿನ ಹತ್ತಿರ ಪೆನ್ಸಿಲ್ ನಿಂತಿತು. ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಗೆರೆಯನ್ನು ಅದರ ಈಚೆಗೇ ಎಳೆದು ಮುಗಿಸಿದರು. ಬೇಜಾರಾಯಿತು, ಆದರೆ ನ್ಯಾಯವಾಗಿಯೇ ಇತ್ತು.

ಹೋದ ಭಾನುವಾರ ಅದೇ ಗುಡ್ಡಕ್ಕೆ ಹೋಗಿದ್ದೆವು, ಕೋವಿಯಿಲ್ಲದೆ. ಹಿಂದಿನ ರಾತ್ರಿ ಅಲ್ಲೇ ಟೆಂಟ್ ಹಾಕಿದ್ದೆವು, ಮೈ ಎತ್ತರಕ್ಕೆ ಒಗ್ಗಲಿ ಅಂತ. ಮೂರು ಮೂಟೆ ಹೊತ್ತು ಕೊರಕಲಿಗೆ ಇಳಿದೆ, ಏರಿದೆ, ಈ ಕಡೆ ಇಳಿದು ಟ್ರಕ್ ಮುಟ್ಟಿದೆ. ಏರುವಾಗ ಎಂಟು ಸಲ ನಿಂತೆ. ಹೋದ ವರ್ಷ ಕುಸಿದು ಕೂತ ಮರದ ದಿಮ್ಮಿ ಸಿಕ್ಕಿತು, ಅಲ್ಲಿ ಕೂರಬಾರದೆಂದು ಹಟ ಹಿಡಿದು ಮುಂದೆ ಹೋಗಿ ಬೇರೊಂದು ದಿಮ್ಮಿಯ ಮೇಲೆ ಕೂತೆ :) ತೊಡೆ ಅದುರಿತು. ಮಂಡಿ ಮಡಚಲಿಲ್ಲ. ಎಲ್ಲೋ ಕೊಂಬೆ ತಾಗಿ ಮೂಟೆಯೊಂದು ಹರಿದು ದಾರಿಯುದ್ದಕ್ಕೂ ಸೋನಾ ಮಸೂರಿ ಚೆಲ್ಲಿತ್ತು. ಕೆಳಗೆ ಕಾಯುತ್ತಿದ್ದ ಯಜಮಾನರು ಗಡಿಯಾರ ನೋಡಲಿಲ್ಲ, ಹೊಗಳಲೂ ಇಲ್ಲ. ಚೀಲ ಇಳಿಸಲು ಬಂದವರು ಕೈ ಹಿಂದಕ್ಕೆ ತೆಗೆದುಕೊಂಡು, ನಾನೇ ಇಳಿಸುವ ತನಕ ಸುಮ್ಮನೆ ನಿಂತಿದ್ದರು.

ಆ ರಾತ್ರಿ ಅಂಗಿ ಬಿಚ್ಚಿ ಕನ್ನಡಿಯಲ್ಲಿ ಹೆಗಲು ನೋಡಿಕೊಂಡೆ. ಪಟ್ಟಿ ಒತ್ತಿದ ಕಡೆ ಕೆಂಪಗೆ ಗೆರೆಯಿತ್ತು. ಬೆಳಿಗ್ಗೆ ಹೊತ್ತಿಗೆ ಅದೂ ಮಾಸಿತ್ತು.

ತೂಕ ಈಗ 76. ಸಕ್ಕರೆ 5.6. ಇನ್ನು ಮೂರು ವಾರ ಇದೆ. ಹರಿದ ಮೂಟೆಯ ಬದಲಿಗೆ ಹೊಸದು ತರಬೇಕು, ಉಳಿದ ಅಕ್ಕಿಯನ್ನು ಹೆಂಡತಿ ಆಗಲೇ ಡಬ್ಬಿಗೆ ಸುರಿದುಕೊಂಡಿದ್ದಾಳೆ. ಯಜಮಾನರು ಐದೂವರೆಗೆ ಗೇಟಿನ ಹತ್ತಿರ ನಿಂತಿರುತ್ತಾರೆ. ಮಲಗುತ್ತೇನೆ.