ಯಾರು ಕೂತ ಗಾಡಿ?

ಪ್ರಿಯ ಮೇಷ್ಟ್ರೇ,

ನಿಮ್ಮ ಇನ್‌ಲ್ಯಾಂಡ್ ಲೆಟರ್ ಕೈಸೇರಿ ಮೂರು ವಾರವಾಯಿತು. ‘ಇದನ್ನ ಇನ್ನೂ ಯಾರು ಬರೀತಾರೆ ಸಾರ್?’ ಎಂದು ಪೋಸ್ಟ್‌ಮನ್ ನನ್ನನ್ನೇ ಕೇಳಿದ. ನಮ್ಮ ಮೇಷ್ಟ್ರು ಬರೀತಾರೆ ಅಂದೆ. ಉತ್ತರ ತಡವಾದದ್ದಕ್ಕೆ ಬೈಯಬೇಡಿ.

ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುವ ನಿಮ್ಮ ಜಾವಾ ಬೈಕಿಗೆ ಈಗ ಒಳ್ಳೆ ರೇಟು ಬರುತ್ತದೆ ಎಂದು ಅಳಿಯಂದಿರು ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಅದರ ಬೆನ್ನಿಗೇ ಒಂದು ಪ್ರಶ್ನೆ: ‘ದುಡ್ಡಿರೋ ಸಿನಿಮಾದವರು, ಕ್ರಿಕೆಟ್‌ನವರು ಹೊಸದು ಬಿಟ್ಟು ಈ ಗುಜರಿಗೆ ಯಾಕಪ್ಪಾ ಬೀಳ್ತಾರೆ?’ ಕಾಲೇಜಿನ ದಿನಗಳಲ್ಲಿ ‘ದಿ ಗ್ರೇಟ್ ಎಸ್ಕೇಪ್’ ನೋಡಿ, ಆ ಬೈಕ್ ಮುಳ್ಳುತಂತಿ ಹಾರಿದ್ದನ್ನೇ ನೆನೆಯುತ್ತಾ ಹಾಸ್ಟೆಲಿಗೆ ನಡೆದು ಬಂದ ಸಂಗತಿಯನ್ನೂ ಬರೆದಿದ್ದೀರಿ. ಹಾಗಾದರೆ ಅದೇ ನಾಯಕನಿಂದ ಶುರುಮಾಡುತ್ತೇನೆ.

ಸ್ಟೀವ್ ಮೆಕ್ವೀನ್ ಹುಟ್ಟಿದ್ದು 1930ರಲ್ಲಿ. ಬಾಲ್ಯ ನೆಟ್ಟಗಿರಲಿಲ್ಲ, ಹದಿವಯಸ್ಸಿನಲ್ಲಿ ದಾರಿ ತಪ್ಪಿದ ಹುಡುಗರನ್ನು ತಿದ್ದುವ ಶಾಲೆಯಲ್ಲಿ ಇದ್ದು ಬಂದವನು. ನ್ಯೂಯಾರ್ಕಿನಲ್ಲಿ ನಟನೆ ಕಲಿಯುತ್ತಿದ್ದಾಗ ಸೈಡ್‌ಕಾರ್ ಇದ್ದ, ಅಮೆರಿಕದ ‘ಇಂಡಿಯನ್’ ಕಂಪನಿಯ ಒಂದು ಹಳೆಯ ಚೀಫ್ ಬೈಕ್ ಕೊಂಡ. 1946ರ ಗಾಡಿ ಅದು. ಆಗಿನ ಗೆಳತಿಗೆ ಅದನ್ನು ಕಂಡರಾಗದು. ಗಾಡಿ ಇರಬೇಕು, ಇಲ್ಲವೇ ನಾನಿರಬೇಕು ಅಂದಳಂತೆ. ಗಾಡಿ ಉಳಿಯಿತು! ಅವನೇ ಹೇಳಿಕೊಂಡ ಕತೆ ಇದು, ಸ್ವಲ್ಪ ಉಪ್ಪುಖಾರ ಬಿದ್ದಿರಲೂಬಹುದು. ಆದರೆ ಇಂಡಿಯನ್ ಗಾಡಿಗಳ ಮೇಲಿನ ಅವನ ಮೋಹ ಮಾತ್ರ ಕೊನೆಯವರೆಗೂ ಇಳಿಯಲಿಲ್ಲ.

ಈಗ ನೀವು ನೋಡಿದ ಆ ಹಾರಾಟದ ವಿಷಯ. ಹೇಳಿದರೆ ಬೇಜಾರಾಗಬಹುದು ಮೇಷ್ಟ್ರೇ. ತಂತಿ ಹಾರಿದವನು ಮೆಕ್ವೀನ್ ಅಲ್ಲ, ಅವನ ಗೆಳೆಯ ಬಡ್ ಎಕಿನ್ಸ್. ಆ ಗಾಡಿಯೂ ಜರ್ಮನಿಯದಲ್ಲ. ಇಂಗ್ಲೆಂಡಿನ ಟ್ರಯಂಫ್‌ಗೆ ಜರ್ಮನ್ ಸೈನ್ಯದ ಬಣ್ಣ ಬಳಿದದ್ದು. ನಾಯಕನ ಕೈಕಾಲು ಮುರಿದರೆ ಚಿತ್ರವೇ ನಿಂತುಹೋಗುತ್ತದಲ್ಲ, ಅದಕ್ಕೇ ಆ ಒಂದು ಜಿಗಿತ ಬಡ್ ಪಾಲಿಗೆ ಹೋಯಿತು. ಉಳಿದ ಓಟದಲ್ಲಿ ಬಹುಪಾಲು ಮೆಕ್ವೀನ್ ಕೈಯದೇ. ಅವನ ವೇಗಕ್ಕೆ ಸರಿಗಟ್ಟುವ ಸವಾರರು ಸಿಗದೆ, ಕೆಲವು ಶಾಟ್‌ಗಳಲ್ಲಿ ಜರ್ಮನ್ ಸಿಪಾಯಿಯ ದಿರಿಸು ಹಾಕಿ ಅವನೇ ಹಿಂದಿನ ಗಾಡಿಯನ್ನೂ ಓಡಿಸಿದ. ತನ್ನನ್ನು ತಾನೇ ಅಟ್ಟಿಸಿಕೊಂಡು ಹೋದ!

ನನಗೆ ಹಿಡಿಸಿದ್ದು ಆಮೇಲೆ ನಡೆದದ್ದು. ಜಾನಿ ಕಾರ್ಸನ್ ತನ್ನ ಟಿವಿ ಕಾರ್ಯಕ್ರಮದಲ್ಲಿ ಆ ಜಿಗಿತಕ್ಕೆ ಶಹಭಾಸ್ ಹೇಳಹೊರಟಾಗ, ಅದು ನಾನಲ್ಲ, ಬಡ್ ಎಕಿನ್ಸ್ ಎಂದು ಮೆಕ್ವೀನ್ ಅಲ್ಲೇ ತಿದ್ದಿದ. ನಗುತ್ತಾ ತಲೆದೂಗಿದ್ದರೂ ಕೇಳುವವರಿರಲಿಲ್ಲ. ಹಳೆ ಗಾಡಿಗಳ ಪ್ರಪಂಚದಲ್ಲಿ ಇಂಥ ಬಾಯಿ ಅಪರೂಪ. ಯಾಕೆಂದು ಮುಂದೆ ಹೇಳುತ್ತೇನೆ.

ಅವನು ಬರೀ ಕ್ಯಾಮೆರಾ ಮುಂದಿನ ಸವಾರನೂ ಆಗಿರಲಿಲ್ಲ. 1964ರಲ್ಲಿ ಪೂರ್ವ ಜರ್ಮನಿಯ ಎರ್ಫರ್ಟ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಆರು ದಿನಗಳ ಬೈಕ್ ಪರೀಕ್ಷೆಗೆ ಅಮೆರಿಕದ ತಂಡದಲ್ಲಿ ಹೋದ. ಬಡ್ ಜೊತೆಗಿದ್ದ. ಕೆಸರು, ಕಾಡು, ಕಲ್ಲುದಾರಿ. ಬಿದ್ದು ಗಾಡಿ ಜಖಂ ಆಗಿ ನಡುವೆಯೇ ಹಿಂದೆ ಸರಿಯಬೇಕಾಯಿತು. ಎಷ್ಟೋ ರೇಸ್‌ಗಳಿಗೆ ‘ಹಾರ್ವೀ ಮಷ್‌ಮನ್’ ಎಂಬ ಸುಳ್ಳು ಹೆಸರು ಕೊಟ್ಟು ಇಳಿಯುತ್ತಿದ್ದ. ಅವನ ಹೆಸರಿನ ಜೊತೆ ಗಾಡಿಯ ರೇಟೂ ಏರುವ ಈ ಕಾಲದಲ್ಲಿ ಇದನ್ನು ನೆನೆದರೆ ನಗು ಬರುತ್ತದೆ.

ಎಪ್ಪತ್ತರ ದಶಕದ ಮಧ್ಯದಲ್ಲಿ, ಹಾಲಿವುಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಸಂಭಾವನೆ ಪಡೆಯುವವರ ಸಾಲಿನಲ್ಲಿದ್ದಾಗಲೇ, ನಟನೆ ಹೆಚ್ಚುಕಡಿಮೆ ಬಿಟ್ಟು ಕೂತ. ಗಡ್ಡ ಬಿಟ್ಟ. ಹಳೆ ಸಾಮಾನಿನ ಸಂತೆಗಳನ್ನು ಸುತ್ತತೊಡಗಿದ. ಬಡ್ ಕೂಡ ಹಳೆ ಗಾಡಿಗಳ ಹುಚ್ಚ. ಯಾವ ಊರಿನ ಯಾವ ಕೊಟ್ಟಿಗೆಯಲ್ಲಿ ಏನು ಕೊಳೆಯುತ್ತಿದೆ ಎಂಬುದು ಅವನಿಗೆ ಬಾಯಿಪಾಠ. ಹಾಗೆ ಕೂಡಿದ ಗಾಡಿಗಳು ನೂರು ದಾಟಿದವು. ಎಲ್ಲವನ್ನೂ ಉಜ್ಜಿ ಮಿರಿಮಿರಿ ಮಾಡುವ ಚಪಲ ಅವನಿಗಿರಲಿಲ್ಲ. ಬಣ್ಣ ಉದುರಿದ್ದು, ಸೀಟು ಹರಿದದ್ದು ಎಷ್ಟೋ ಹಾಗೆಯೇ ಉಳಿದವು. (ಅಳಿಯಂದಿರಿಗೆ ಇದನ್ನು ಓದಿ ಹೇಳಿ. ನಿಮ್ಮ ಟ್ಯಾಂಕಿನ ಹಳೆ ಬಣ್ಣ ಕೆರೆಸುವ ಯೋಚನೆ ಅವರಿಗಿದ್ದರೆ ದಯವಿಟ್ಟು ತಡೆಯಿರಿ.) 1979ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಪೌಲಾ ಎಂಬ ಪುಟ್ಟ ಊರಿನ ವಿಮಾನ ನಿಲ್ದಾಣದಲ್ಲಿ ಒಂದು ಹ್ಯಾಂಗರ್ ಕೊಂಡು, ವಿಮಾನಗಳನ್ನೂ ಬೈಕುಗಳನ್ನೂ ಒಳಗೆ ನಿಲ್ಲಿಸಿ, ಕೆಲಕಾಲ ಅಲ್ಲೇ ಸಂಸಾರ ಹೂಡಿದ. ಆ ವರ್ಷದ ಕೊನೆಯಲ್ಲೇ ಕಲ್ನಾರು ತಂದೊಡ್ಡುವ ಕ್ಯಾನ್ಸರ್ ಪತ್ತೆಯಾಯಿತು. 1980ರ ನವೆಂಬರ್ 7ರಂದು ಮೆಕ್ಸಿಕೋದಲ್ಲಿ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡ. ಐವತ್ತೇ ವರ್ಷ.

ನಾಲ್ಕು ವರ್ಷದ ಮೇಲೆ ಲಾಸ್ ವೇಗಸ್‌ನಲ್ಲಿ ಅವನ ಸಂಗ್ರಹ ಹರಾಜಿಗೆ ಬಂತು. ಅಲ್ಲಿಂದಾಚೆಗೆ ‘ಮೆಕ್ವೀನ್ ಗಾಡಿ’ ಎಂಬುದೇ ಒಂದು ಜಾತಿಯಾಯಿತು. ಅವನ ಸಂಗ್ರಹದ್ದೆಂದು ಹೆಸರಾದ ಹಳದಿ ಬಣ್ಣದ 1915ರ ಸೈಕ್ಲೋನ್ ಬೈಕ್ 2015ರ ಮಾರ್ಚ್‌ನಲ್ಲಿ 8,52,500 ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮೇಲೆ. ಈ ಸೈಕ್ಲೋನ್ ತಾನಾಗಿಯೇ ಭಾರೀ ಗಾಡಿ. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಕೆಲವೇ ವರ್ಷ ಬದುಕಿದ ಕಂಪನಿ ಮಾಡಿದ್ದು. ಓಡುತ್ತಿದ್ದದ್ದು ಹಲಗೆ ಜೋಡಿಸಿದ, ತಿರುವುಗಳಲ್ಲಿ ಗೋಡೆಯಂತೆ ಎದ್ದು ನಿಂತ ಟ್ರ್ಯಾಕುಗಳಲ್ಲಿ. ಈ ರೇಸ್ ಬೈಕುಗಳಿಗೆ ಬ್ರೇಕೇ ಇಲ್ಲ! ಎಂಜಿನ್ ಉಗುಳಿದ ಆಯಿಲ್ ಹಲಗೆಯ ಮೇಲೇ ಚೆಲ್ಲಿ ಜಾರುಬಂಡಿಯಾಗುತ್ತಿತ್ತು. 1912ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಸವಾರರ ಜೊತೆ ಪ್ರೇಕ್ಷಕರೂ ಸತ್ತ ಮೇಲೆ ಇಂಥ ಟ್ರ್ಯಾಕುಗಳಿಗೆ ಪತ್ರಿಕೆಗಳು ಕೊಲೆಗಡುಕ ಹೆಸರಿಟ್ಟವು. ಇಷ್ಟೆಲ್ಲ ಕತೆ ಇರುವ ಗಾಡಿಗೂ ಸಿನಿಮಾದವನೊಬ್ಬನ ಹೆಸರಿನ ಒಗ್ಗರಣೆ ಬೇಕಾಯಿತು ನೋಡಿ.

ಹೆಸರಿನ ಒಗ್ಗರಣೆ ಸೀದು ಹೋಗುವುದೂ ಉಂಟು. ‘ಈಜಿ ರೈಡರ್’ ಚಿತ್ರದಲ್ಲಿ ಪೀಟರ್ ಫೊಂಡಾ ಓಡಿಸಿದ, ಟ್ಯಾಂಕಿಗೆ ಅಮೆರಿಕದ ಬಾವುಟ ಬಳಿದ ಉದ್ದ ಫೋರ್ಕಿನ ಹಾರ್ಲೆ ನೆನಪಿದೆಯೇ? ಪೊಲೀಸರು ಓಡಿಸಿ ಬಿಟ್ಟ ಹಳೆ ಹಾರ್ಲೆಗಳನ್ನು ಕೊಂಡು ಕಟ್ಟಿದ ನಾಲ್ಕು ಗಾಡಿಗಳಲ್ಲಿ ಮೂರು ಕಳ್ಳರ ಪಾಲಾದವು. ಉಳಿದೊಂದು ಕೊನೆಯ ದೃಶ್ಯದಲ್ಲಿ ನುಜ್ಜುಗುಜ್ಜಾಯಿತು. ಅದನ್ನೇ ಮತ್ತೆ ಕಟ್ಟಿದ್ದೆಂದು 2014ರ ಅಕ್ಟೋಬರ್‌ನಲ್ಲಿ ಹರಾಜಿಗಿಟ್ಟಾಗ ಕೂಗು ನಿಂತದ್ದು ಹದಿಮೂರೂವರೆ ಲಕ್ಷ ಡಾಲರಿಗೆ. ಆದರೆ ಅಸಲಿ ನನ್ನದು ಎನ್ನುವ ಇನ್ನೊಬ್ಬ ಸಂಗ್ರಾಹಕನೂ ಇದ್ದ. ಎರಡೂ ಅಸಲಿಯೆಂಬ ಕಾಗದಕ್ಕೆ ಸಹಿ ಹಾಕಿದವನು ಒಬ್ಬನೇ, ನಟ ಡ್ಯಾನ್ ಹ್ಯಾಗರ್ಟಿ! ಈ ಗಲಾಟೆಯ ನಡುವೆ ನನ್ನ ಹೊಟ್ಟೆ ಉರಿಸಿದ್ದು ಬೇರೆಯೇ. ಆ ಗಾಡಿಗಳನ್ನು ರೂಪಿಸಿ ಕಟ್ಟಿದ ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಇಬ್ಬರೂ ಕಪ್ಪುಜನ. ಅವರ ಹೆಸರು ದಶಕಗಟ್ಟಲೆ ಎಲ್ಲೂ ಕೇಳಿಬರಲಿಲ್ಲ. ಕೂತವನ ಹೆಸರಿಗೆ ಕೋಟಿ, ಕಟ್ಟಿದವನ ಹೆಸರಿಗೆ ಜಾಗವೂ ಇಲ್ಲ.

ನನ್ನದೇ ಒಂದು ಪೆಚ್ಚು ಪ್ರಸಂಗ ಹೇಳಲೇ? ಹಿಂದೆ ಹಳೆ ಗಾಡಿ ಹುಡುಕುತ್ತಿದ್ದಾಗ ಒಬ್ಬ ಡೀಲರ್, ‘ಇದು ಇಂಥಾ ದೊಡ್ಡ ನಟರ ಗಾಡಿ, ಸ್ವತಃ ಓಡಿಸಿದ್ದು’ ಎಂದು ಕಿವಿಯಲ್ಲಿ ಉಸುರಿದ. ನಾನೂ ಸೀಟು ಸವರಿದ್ದೇ ಸವರಿದ್ದು. ಆರ್‌ಸಿ ಪುಸ್ತಕ ತೆಗೆಸಿದರೆ ಮೊದಲ ಮಾಲೀಕರು ಒಬ್ಬ ಅಕ್ಕಿ ವ್ಯಾಪಾರಿ! ಕೊಳ್ಳಲಿಲ್ಲ. ಈಗ ಅನಿಸುತ್ತದೆ, ಅಕ್ಕಿ ಮೂಟೆ ಹೊತ್ತ ಗಾಡಿಯಾಗಿಯೇ ಕೊಂಡಿದ್ದರೆ ಏನಾಗುತ್ತಿತ್ತು?

ನಿಮ್ಮ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಮೇಷ್ಟ್ರೇ. ಕೆಲವರಿಗೆ ಅದು ಗೋಡೆಗೆ ತೂಗಿದ ಚಿತ್ರ, ಕೆಲವರಿಗೆ ಲಾಭದ ಬಾಬತ್ತು. ನನಗೆ ಇಷ್ಟವಾಗುವುದು ಓಡಿಸಿ ಬೀಳುವವರು. ಅಮೆರಿಕದ ಹಾಸ್ಯಗಾರ ಜೇ ಲೆನೋ 2023ರ ಜನವರಿಯಲ್ಲಿ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಸೈಡ್‌ಕಾರಿನ 1940ರ ಇಂಡಿಯನ್ ಓಡಿಸುತ್ತಿದ್ದರು. ಪೆಟ್ರೋಲ್ ವಾಸನೆ ಬಂತೆಂದು ಪಾರ್ಕಿಂಗ್ ಜಾಗಕ್ಕೆ ತಿರುಗಿಸಿದರೆ ಅಲ್ಲಿ ಅಡ್ಡಲಾಗಿ ತಂತಿ! ಕೊರಳೆಲುಬು, ಎರಡು ಪಕ್ಕೆಲುಬು ಮುರಿದು, ಎರಡೂ ಮಂಡಿಚಿಪ್ಪು ಬಿರುಕುಬಿಟ್ಟವು. ಎರಡು ತಿಂಗಳ ಹಿಂದಷ್ಟೇ ಹಳೆಯ ಉಗಿ ಕಾರಿನ ಕೆಳಗೆ ಮಲಗಿ ಮುಖ ಸುಟ್ಟುಕೊಂಡಿದ್ದವರು. ಅವರ ಮನೆಯವರ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ.

ನಮ್ಮ ಕಡೆಯ ಕ್ರಿಕೆಟಿಗ ಧೋನಿ, ಚಿತ್ರದಂತೆ ಜೋಪಾನ ಮಾಡುವವರು ಮತ್ತು ಓಡಿಸುವವರು, ಈ ಎರಡೂ ಗುಂಪಿಗೆ ಸೇರಿದವರು. ಅದೇ ವರ್ಷ ಜುಲೈನಲ್ಲಿ ಮಾಜಿ ಕ್ರಿಕೆಟಿಗರಾದ ನಮ್ಮ ವೆಂಕಟೇಶ್ ಪ್ರಸಾದ್ ಮತ್ತು ಗದಗಿನ ಸುನಿಲ್ ಜೋಶಿ ರಾಂಚಿಗೆ ಹೋಗಿ ಅವರ ಬೈಕ್ ಮನೆ ನೋಡಿ ದಂಗಾದ ವಿಡಿಯೋ ಊರೆಲ್ಲ ಸುತ್ತಿತು. ಮೊಮ್ಮಗಳ ಫೋನಿನಲ್ಲಿ ನೋಡಿ. ಕೋಟಿ ಆಡಿಸುವ ಮನುಷ್ಯ ರಾಜ್‌ದೂತ್, ಆರ್‌ಡಿ 350ಯಂಥವನ್ನು ಮಕ್ಕಳಂತೆ ಸಾಕಿಕೊಂಡಿದ್ದಾರೆ. ಹುಡುಗನಾಗಿದ್ದಾಗ ರಸ್ತೆಯಲ್ಲಿ ಗುಡುಗಿ ಹೋದಂಥ ಗಾಡಿಗಳು ಅವು.

ಹೀಗಾಗಿ ಜಾವಾ ಮಾರುವುದೋ ಬಿಡುವುದೋ ನಾನು ಹೇಳುವುದಿಲ್ಲ. ಅದರ ಮೇಲೆ ಯಾವ ನಟನೂ ಕೂತಿಲ್ಲ, ನಿಜ. (ನೆಂಟಸ್ತನ ಬೇಕಿದ್ದರೆ, ಹಾಲಿವುಡ್ ನಟ ಜೇಮ್ಸ್ ಡೀನ್ ಹುಡುಗನಾಗಿದ್ದಾಗ ಓಡಿಸಿದ ಗಾಡಿ ಜೆಕ್ ನಾಡಿನ ಸೀಜೆಡ್, ನಿಮ್ಮ ಜಾವಾದ ದಾಯಾದಿ.) ಆದರೆ ಮೈಸೂರಿನ ಯಾದವಗಿರಿ ಕಾರ್ಖಾನೆಯಿಂದ ಅದನ್ನು ತಂದ ದಿನ, ಹಳ್ಳಿ ಶಾಲೆಗೆ ಮಳೆಯಲ್ಲಿ ಹೊಳೆ ದಾಟಿಸಿದ್ದು, ಪರೀಕ್ಷೆಗೆ ತಡವಾದ ಹುಡುಗರನ್ನು ಇಬ್ಬಿಬ್ಬರಂತೆ ಕೂರಿಸಿಕೊಂಡು ಹೋದದ್ದು, ಇವೆಲ್ಲ ನನಗೆ ಬರೆದಿದ್ದೀರಲ್ಲ, ಅದನ್ನೇ ದಿನಾಂಕ ಹಾಕಿ, ಸಹಿ ಮಾಡಿ ಆರ್‌ಸಿ ಪುಸ್ತಕದೊಳಗಿಡಿ. ಹೊಳೆಯಲ್ಲಿ ಗಾಡಿ ತಳ್ಳಿದವರ ಹೆಸರೂ ಇರಲಿ.

ಇನ್ನೊಂದು. ಟ್ಯಾಂಕಿನ ಮೇಲೆ ಒತ್ತುವ ಆ ಮೊಳೆಯಂಥ ಕೀ ಎಲ್ಲೋ ಕಳೆದಿದೆ ಅಂದಿದ್ದಿರಿ. ನನ್ನ ಡ್ರಾಯರಿನಲ್ಲಿ ಅಂಥದ್ದೊಂದು ಸಿಕ್ಕಿದೆ. ಯುಗಾದಿಗೆ ಬರುವಾಗ ತರುತ್ತೇನೆ, ಅಷ್ಟರೊಳಗೆ ಗೋಣಿಚೀಲ ತೆಗೆದು ಟೈರಿಗೆ ಗಾಳಿ ತುಂಬಿಸಿಡಿ. ಅಮ್ಮನವರಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಓದಿನ ಗೆಳೆಯ